ಪ್ರೇಮಾವತಿಯ ಕೆಲಸದ ಕೈ

ಪುತ್ತೂರಿನ ಆಸ್ಪತ್ರೆಯಿಂದ ಪ್ರೇಮಾವತಿಯನ್ನು ಬೆಳ್ಳಾರೆಯ ಮನೆಗೆ ಕರೆತಂದ ದಿನ ಎಲ್ಲರಿಗಿಂತ ಹೆಚ್ಚು ಮಾತಾಡಿದವಳು ಸೊಸೆ ದೀಕ್ಷಿತಾ. ಗೊತ್ತಿದ್ದವರು ಮಾತಾಡಲಿ, ಬೇಡ ಅನ್ನುವವರು ಯಾರು? ಗೊತ್ತುಂಟು ಅಂದುಕೊಂಡವರು ಬಾಯಿ ಬಿಟ್ಟರೆ ಮಾತ್ರ ಮನೆಮಂದಿಯೆಲ್ಲ ದಂಡ ತೆರಬೇಕಾಗುತ್ತದೆ.

ಆದದ್ದು ಇಷ್ಟು. ಪ್ರೇಮಾವತಿಗೆ ಬೆಳ್ಳಾರೆ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿ. ಇಪ್ಪತ್ತೆಂಟು ವರ್ಷದಿಂದ ರವಿಕೆ, ಚೂಡಿದಾರ, ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುತ್ತ ಬಂದವಳು. ಒಂದು ಸೋಮವಾರ ಬೆಳಿಗ್ಗೆ ಮೇಜಿನ ಮೇಲೆ ಬಟ್ಟೆ ಹಾಸಿ ಗುರುತು ಹಾಕುವಾಗ ಚಾಕ್‌ಪೀಸು ಕೈಯಿಂದ ಜಾರಿತು. ಹೆಕ್ಕಲು ಬಗ್ಗಿದರೆ ಎಡಗೈ ಹೇಳಿದ ಮಾತು ಕೇಳಲಿಲ್ಲ. ಮೆದುಳಿನಲ್ಲಿ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿತ್ತು. ಮಾತು ನೆಟ್ಟಗಿತ್ತು, ಕಾಲು ನೆಟ್ಟಗಿತ್ತು, ಮುಖ ಸೊಟ್ಟಗಾಗಲಿಲ್ಲ. ಎಡಗೈ ಒಂದು ಮಾತ್ರ ಅರ್ಧ ಸೋತಿತು. ಭುಜದವರೆಗೆ ಎತ್ತಬಹುದು, ಬೆರಳು ನಿಧಾನಕ್ಕೆ ಮಡಚಬಹುದು, ಆದರೆ ಹಿಡಿದದ್ದು ನಿಲ್ಲದು.

ಆಸ್ಪತ್ರೆಯ ಫೈಲು ಓದುವ ಅಧಿಕಾರ ದೀಕ್ಷಿತಾಳದ್ದು. ಅವಳ ನೌಕರಿಯೇ ಅದು, ಮೆಡಿಕಲ್ ಕೋಡಿಂಗ್. ಅಮೆರಿಕದ ಡಾಕ್ಟರರು ಬರೆದ ಟಿಪ್ಪಣಿಗಳನ್ನು ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಓದಿ ಒಂದೊಂದು ರೋಗಕ್ಕೂ ಒಂದೊಂದು ಸಂಖ್ಯೆ ಹಚ್ಚಿ ಮಂಗಳೂರಿನ ಕಂಪೆನಿಗೆ ಕಳಿಸುವುದು. ಮದುವೆಯಾಗಿ ಬಂದ ಹೊಸದರಲ್ಲಿ ಮನೆಯ ಅಜ್ಜಿ, ಅಂದರೆ ಮಾವ ದುಗ್ಗಪ್ಪನ ಎಂಬತ್ತನಾಲ್ಕು ವರ್ಷದ ತಾಯಿ, ಒಮ್ಮೆ ಕೇಳಿದ್ದಳು.

"ಸಂಖ್ಯೆ ಹಾಕಿದ್ರೆ ರೋಗ ಗುಣ ಆಗ್ತದಾ?"

"ಇಲ್ಲಜ್ಜಿ. ಇನ್ಶೂರೆನ್ಸಿನವರಿಗೆ ಅರ್ಥ ಆಗ್ತದೆ."

"ಹಾಗಾದ್ರೆ ರೋಗ ಅವರಿಗೇ," ಎಂದು ಅಜ್ಜಿ ವೀಳ್ಯ ಬಾಯಿಗೆ ಹಾಕಿಕೊಂಡಿದ್ದಳು.

ಈಗ ಅದೇ ಅಜ್ಜಿ ಚಾವಡಿಯ ಬೆಂಚಿನಲ್ಲಿ ಕಿವಿ ನೆಟ್ಟಗೆ ಮಾಡಿ ಕೂತಿದ್ದಳು. ಬಸ್ಸು ಓಡಿಸಿ ನಿವೃತ್ತನಾದ ದುಗ್ಗಪ್ಪ ನಿಂತೇ ಇದ್ದ. ಕಡಬದ ಹಾರ್ಡ್‌ವೇರ್ ಅಂಗಡಿಗೆ ರಜೆ ಹಾಕಿ ಬಂದಿದ್ದ ಮಗ ಮೋಕ್ಷಿತ್ ತಾಯಿಯ ಬೆನ್ನಿಗೆ ದಿಂಬು ಕೊಡುತ್ತಿದ್ದ.

"ಎಂತ ಬರ್ದಿದ್ದಾರೆ, ಬಿಡಿಸಿ ಹೇಳು," ಎಂದ ದುಗ್ಗಪ್ಪ.

ದೀಕ್ಷಿತಾ ಬಿಡಿಸಿಯೇ ಹೇಳಿದಳು. "ಒಂದು ಕೈಗೆ ಮಾತ್ರ ಬಲ ಕಮ್ಮಿ ಆಗಿದೆ ಮಾವ. ಪೂರ್ತಿ ಬಿದ್ದದ್ದಲ್ಲ, ಅರ್ಧ. ನಮ್ಮ ಕೋಡಿನಲ್ಲಿ ಎರಡು ಸಂಗತಿ ನೋಡುದು. ಯಾವ ಕೈ ಅಂತ ಒಂದು. ಅದು ಆ ಮನುಷ್ಯರ ಮುಖ್ಯ ಕೈಯಾ ಅಲ್ವಾ ಅಂತ ಇನ್ನೊಂದು. ಮುಖ್ಯ ಕೈ ಹೋದ್ರೆ ಕಷ್ಟ. ಇಲ್ಲಿ ನೋಡಿ, ಬಲಗೈಯವರು ಅಂತ ಬರ್ದಿದ್ದಾರೆ. ಹೋದದ್ದು ಎಡಗೈ. ಕೊನೆಯ ಅಂಕಿ ನಾಲ್ಕು. ಮುಖ್ಯ ಅಲ್ಲದ ಎಡಗೈ. ಅಷ್ಟು ಹೆದರುದು ಬೇಡ."

"ದೇವರು ದೊಡ್ಡವ," ಎಂದ ದುಗ್ಗಪ್ಪ ಆಗ ಕೂತ.

ಪ್ರೇಮಾವತಿ ಸೊಸೆಯ ಮುಖವನ್ನು ಒಮ್ಮೆ ನೋಡಿದಳು. ಏನೋ ಹೇಳುವವಳಂತೆ ಬಾಯಿ ತೆರೆದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಆಯಾಸ ಇರಬೇಕು ಅಂದುಕೊಂಡು ದೀಕ್ಷಿತಾ ಫ್ಯಾನು ಜೋರು ಮಾಡಿದಳು.

ಸೊಸೆಯ ತೀರ್ಪು ಎರಡೇ ದಿನದಲ್ಲಿ ಊರಿಡೀ ಹಬ್ಬಿತು. ಮುಸುಂಬಿ, ಎಳನೀರು ಹಿಡಿದು ಬಂದವರೆಲ್ಲ ಅದನ್ನೇ ಹಾಡಿದರು. "ಎಡಗೈ ತಾನೇ ಪ್ರೇಮಕ್ಕ, ನಿಮ್ಮ ಪುಣ್ಯ." "ಬಲಗೈ ಆಗ್ತಿದ್ರೆ ಊಟಕ್ಕೂ ಇನ್ನೊಬ್ಬರು ಬೇಕಿತ್ತು ಮಾರಾಯ್ತಿ." ಪ್ರೇಮಾವತಿ ಹೂಂ ಅನ್ನುತ್ತಿದ್ದಳು, ಅಷ್ಟೇ. ಐವತ್ತೈದು ವರ್ಷದಲ್ಲಿ ಯಾರಿಗೂ ಮಾತು ಬಾಕಿ ಇಡದ ಹೆಂಗಸು ಹೂಂಗೆ ಇಳಿದದ್ದು ಯಾಕೆ ಅಂತ ಒಬ್ಬರಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಎರಡನೆಯ ವಾರ ಮನೆಯಲ್ಲಿ ಕಿರಿಕಿರಿ ಶುರುವಾಯಿತು. ದೀಕ್ಷಿತಾಳ ಕೆಲಸ ಬೆಳಿಗ್ಗೆ ಎಂಟಕ್ಕೆ ಶುರು. ಅದಕ್ಕೆ ಮೊದಲು ಮೋಕ್ಷಿತನ ಬುತ್ತಿ, ಅಜ್ಜಿಗೆ ಗಂಜಿ, ಮಾವನಿಗೆ ತಿಂಡಿ ಆಗಬೇಕು. ಒಂದು ದಿನ ಬಸಳೆ ಪದಾರ್ಥಕ್ಕೆ ಎರಡು ಸಲ ಉಪ್ಪು ಬಿತ್ತು. ಇನ್ನೊಂದು ದಿನ ಬಂಗುಡೆ ಮೀನು ತಳ ಹಿಡಿಯಿತು. ದುಗ್ಗಪ್ಪ ಬಟ್ಟಲು ಸರಿಸಿ ಎದ್ದ.

"ಪ್ರೇಮಾ, ನೀನೊಮ್ಮೆ ಎದ್ದು ಒಲೆ ಹತ್ರ ನಿಲ್ಲಬಾರದಾ? ಬಲಗೈ ಸರಿ ಉಂಟಲ್ಲ."

"ನಿಲ್ತೇನೆ," ಎಂದಳು ಪ್ರೇಮಾವತಿ.

ಮರುದಿನ ನಿಂತಳು. ಬಲಗೈಯಲ್ಲಿ ಸೌಟು ಹಿಡಿದು ನೀರುದೋಸೆ ಹೊಯ್ದಳು. ಹಿಟ್ಟು ಕಾವಲಿಯ ಒಂದು ಬದಿಗೆ ದಪ್ಪಕ್ಕೆ ಬಿತ್ತು, ಇನ್ನೊಂದು ಬದಿ ಬರಿದು. ಎಬ್ಬಿಸಲು ಹೋದರೆ ಹರಿಯಿತು. ಮೂರು ದೋಸೆ ಹೀಗಾದ ಮೇಲೆ ದುಗ್ಗಪ್ಪ ನಕ್ಕುಬಿಟ್ಟ.

"ಮೂವತ್ತು ವರ್ಷ ದೋಸೆ ಹೊಯ್ದವಳು ನೀನು! ಕೈ ಅಲ್ಲ, ಮನಸ್ಸಿಲ್ಲ ಹೇಳು."

"ಹೌದು, ಮನಸ್ಸಿಲ್ಲ! ನೀವು ಬನ್ನಿ, ಹೊಯ್ಯಿರಿ!" ಸೌಟು ಹಿಟ್ಟಿನ ಪಾತ್ರೆಗೆ ಬಿದ್ದು ಗೋಡೆಗೆಲ್ಲ ಹಾರಿತು. ಪ್ರೇಮಾವತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಾನೆಂತ ಅಂದೆ ಈಗ?" ದುಗ್ಗಪ್ಪ ಎಲ್ಲರ ಮುಖ ನೋಡಿದ. ಅಜ್ಜಿ ಚಾವಡಿಯಿಂದ ಕೆಮ್ಮಿದಳು. ಮೋಕ್ಷಿತ್ ಬುತ್ತಿಯನ್ನೂ ಮರೆತು ಕಡಬದ ಬಸ್ಸಿಗೆ ಓಡಿದ.

ಅವತ್ತು ಮಧ್ಯಾಹ್ನ ದುಗ್ಗಪ್ಪ ಸೊಸೆಯ ಹತ್ತಿರ ಮೆಲ್ಲಗೆ ಹೇಳಿದ. "ಅಂಗಡಿ ಕೋಣೆ ಬಿಟ್ಟುಕೊಡುದು ಒಳ್ಳೇದು. ಮೆಶಿನು ಮನೆಗೆ ತರುವ. ಅವಳಿಗೆ ಇನ್ನು ಹೊಲಿಯುವ ಆಸೆ ಇದ್ದ ಹಾಗೆ ಇಲ್ಲ."

"ಅತ್ತೆಯತ್ರ ಕೇಳಿದ್ರಾ?"

"ಕೇಳಿದ್ರೆ ಸೌಟು ಬರ್ತದೆ."

ದೀಕ್ಷಿತಾಳಿಗೂ ಒಳಗೊಳಗೆ ಸಿಟ್ಟೇ ಇತ್ತು. ಬಲಗೈ ಪೂರ್ತಿ ಹೋದವರ ಫೈಲು ಅವಳು ದಿನಕ್ಕೆ ನಾಲ್ಕು ಓದುತ್ತಾಳೆ. ಅವರೆಲ್ಲ ತಿಂಗಳೊಳಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾರೆ. ಅತ್ತೆಗೆ ಯಾಕೆ ಇಷ್ಟು ಹಟ? ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡು ಕಿಟಕಿಯ ಮೇಲೆ ಧೂಳು ತಿನ್ನುತ್ತಿತ್ತು. "ದಿನಕ್ಕೆ ಹತ್ತು ಸಲ ಹಿಸುಕಿದರೆ ಸಾಕು, ಸಹಾಯಕ್ಕೆ ಬರುವಷ್ಟು ಆದೀತು," ಅಂತ ಅವರೇ ಹೇಳಿದ್ದರು. ಆ ಹತ್ತನ್ನೂ ಅತ್ತೆ ಮಾಡುತ್ತಿರಲಿಲ್ಲ.

ಮೂರನೆಯ ವಾರ ಬೀಫಾತುಮ್ಮ ಬಂದಳು. ಅವಳು ಪ್ರೇಮಾವತಿಯ ಮೊದಲ ಗಿರಾಕಿ, ಆಮೇಲೆ ಗೆಳತಿ. ಮೊಮ್ಮಗಳ ನಿಶ್ಚಿತಾರ್ಥಕ್ಕೆ ಕೊಟ್ಟಿದ್ದ ಹಸಿರು ಬಟ್ಟೆ ಅಂಗಡಿಯಲ್ಲೇ ಉಳಿದಿತ್ತು.

"ನಿಮಗೆ ಹುಷಾರಾಗ್ಲಿ ಪ್ರೇಮಕ್ಕ, ಬಟ್ಟೆ ನಾನು ಬೇರೆಯವರಿಗೆ ಕೊಡ್ತೇನೆ," ಅಂದಳು ಸಂಕೋಚದಿಂದ.

ಪ್ರೇಮಾವತಿಯ ಮುಖ ಸಣ್ಣಗಾದದ್ದನ್ನು ನೋಡಿ ದೀಕ್ಷಿತಾ ಮುಂದೆ ಬಂದಳು. "ಬೇಡ ಉಮ್ಮ. ನಾನು ಕಟ್ ಮಾಡ್ತೇನೆ. ಪಿಯುಸಿ ರಜೆಯಲ್ಲಿ ಟೈಲರಿಂಗ್ ಕ್ಲಾಸಿಗೆ ಹೋಗಿದ್ದೆ. ಅತ್ತೆ ಕೂತು ಹೇಳಿಕೊಡ್ಲಿ."

ಆದಿತ್ಯವಾರ ಅಂಗಡಿಯಿಂದ ಬಟ್ಟೆ, ಅಳತೆ ಪುಸ್ತಕ, ಅತ್ತೆಯ ದೊಡ್ಡ ಕತ್ತರಿ ಎಲ್ಲ ಮನೆಗೆ ಬಂತು. ಮೊದಲು ಹಳೆ ಬೆಡ್‌ಶೀಟಿನಲ್ಲಿ ಅಭ್ಯಾಸ. ದೀಕ್ಷಿತಾ ಕತ್ತರಿ ಹಿಡಿದು ಒತ್ತಿದಳು. ಬಟ್ಟೆ ತುಂಡಾಗಲಿಲ್ಲ, ಅಲಗುಗಳ ನಡುವೆ ಮಡಚಿಕೊಂಡಿತು. ಇನ್ನೊಮ್ಮೆ ಒತ್ತಿದಳು. ಹೆಬ್ಬೆರಳು ನೋಯಿತು, ಬಟ್ಟೆ ಮಾತ್ರ ಹಾಗೇ ಇತ್ತು.

"ಕತ್ತರಿ ಮೊಂಡು ಅತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ದುಗ್ಗಪ್ಪ ಪೇಪರಿನ ಹಿಂದಿನಿಂದ.

ಪ್ರೇಮಾವತಿಯ ತುಟಿಯ ತುದಿಯಲ್ಲಿ ಏನೋ ಮಿಸುಕಿತು. ನಗುವೋ ಅಳುವೋ ದೀಕ್ಷಿತಾಳಿಗೆ ತಿಳಿಯಲಿಲ್ಲ. "ಸಾಣೆಗೆ ಕೊಟ್ಟು ನೋಡು," ಅಂದಳು ಅಷ್ಟೇ.

ಸಾಣೆ ಹಿಡಿಯುವವನು ಬೀಫಾತುಮ್ಮನ ಮಗ ಹಾರಿಸ್. ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಅಂಗಡಿ. ಸೋಮವಾರ ಊಟದ ಬಿಡುವಿನಲ್ಲಿ ದೀಕ್ಷಿತಾ ಕತ್ತರಿ ಕೊಟ್ಟಳು. ಅವನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಲಗು ಸವರಿ ವಾಪಸು ಚಾಚಿದ.

"ಇದಕ್ಕೆ ಸಾಣೆ ಬೇಡ ಅಕ್ಕ. ಹೋದ ತಿಂಗಳು ನಾನೇ ಹಿಡಿದು ಕೊಟ್ಟದ್ದು."

"ಬಟ್ಟೆ ಕಟ್ ಆಗುದೇ ಇಲ್ಲ ಹಾರಿಸಣ್ಣ."

"ಯಾವ ಕೈಯಲ್ಲಿ ಹಿಡಿದ್ರಿ?"

"ಇನ್ಯಾವುದು? ಬಲಗೈಯಲ್ಲಿ."

"ಮತ್ತೆ ಹೇಗೆ ಆಗ್ತದೆ? ಇದು ಎಡಗೈಯವರ ಕತ್ತರಿ. ಅಲಗು ಉಲ್ಟಾ ಉಂಟು, ನೋಡಿ. ಪ್ರೇಮಕ್ಕ ಹೇಳಿಯೇ ತರಿಸಿದ್ದು." ಹಾರಿಸ್ ನಕ್ಕ. "ಪ್ರೇಮಕ್ಕನ ಎಡಗೈ ಕಟ್ಟಿಂಗು ಪೇಟೆಗೆಲ್ಲ ಗೊತ್ತುಂಟು. ನಿಮ್ಮ ಮನೆಯಲ್ಲಿ ಗೊತ್ತಿಲ್ವಾ?"

ದೀಕ್ಷಿತಾ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಯವರೆಗೂ ಓಡುನಡಿಗೆಯಲ್ಲಿ ಬಂದಳು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಒಂದೇ ಸೂರಿನ ಕೆಳಗೆ ಎಂಟು ತಿಂಗಳು ಉಂಡು, ಆ ಹೆಂಗಸಿನ ಕೈ ಯಾವುದು ಅಂತ ಕಬ್ಬಿಣ ಉಜ್ಜುವವನಿಂದ ತಿಳಿಯಬೇಕಾಯಿತಲ್ಲ!

ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ದೀಕ್ಷಿತಾ ಕತ್ತರಿಯನ್ನು ಅವಳ ಮಡಿಲಲ್ಲಿಟ್ಟಳು.

"ಯಾಕೆ ಹೇಳಲಿಲ್ಲ ಅತ್ತೆ?"

"ಯಾರು ಕೇಳಿದ್ದು?"

"ಆಸ್ಪತ್ರೆಯಲ್ಲಿ ಕೇಳಿರಬೇಕಲ್ಲ!"

"ಕೇಳಿದ್ರು. ಆ ಸಣ್ಣ ಡಾಕ್ಟ್ರು, ಊಟ ಮಾಡುದು ಯಾವ ಕೈಯಲ್ಲಿ ಅಂತ ಕೇಳಿದ. ನಿನ್ನ ಮಾವ, ಬಲಗೈಯಲ್ಲೇ, ಮತ್ತೆ ಎಡಗೈಯಲ್ಲಿ ಯಾರಾದ್ರೂ ಉಣ್ತಾರಾ ಡಾಕ್ಟ್ರೇ ಅಂತ ನಗಾಡಿದ್ರು. ಅವನೂ ನಗಾಡಿ ಬರ್ಕೊಂಡ. ಉಣ್ಣುವ ಕೈ ಕೇಳಿದ್ದು. ಕೆಲಸದ ಕೈ ಕೇಳಲಿಲ್ಲ."

"ಮನೆಯಲ್ಲೂ ಯಾರಿಗೂ..."

"ಅಜ್ಜಿಗೆ ಗೊತ್ತುಂಟು." ಪ್ರೇಮಾವತಿ ದನಿ ತಗ್ಗಿಸಲಿಲ್ಲ. "ಮದುವೆಯಾಗಿ ಬಂದ ಮೂರನೇ ದಿನ ಅವರ ಎಲೆಗೆ ಅನ್ನ ಬಡಿಸಿದೆ. ಮರೆತು ಎಡಗೈಯಲ್ಲಿ ಸೌಟು ಹಿಡಿದಿದ್ದೆ. ಎಲೆ ದೂಡಿ ಎದ್ದರು. ಈ ಕೈ ನನ್ನ ಅಡುಗೆಮನೆಯಲ್ಲಿ ಕಾಣಬಾರದು ಅಂದ್ರು. ಅವತ್ತಿಂದ ಯಾರಾದ್ರೂ ಇದ್ರೆ ಬಲಗೈ, ಒಬ್ಬಳೇ ಇದ್ರೆ ಎಡಗೈ. ಅಂಗಡಿ ಯಾಕೆ ಹಾಕಿದೆ ಅಂದ್ಕೊಂಡೆ? ಅಲ್ಲಿ ಯಾರೂ ನನ್ನ ಕೈ ನೋಡಿ ಏಳುದಿಲ್ಲ. ನನ್ನ ಕಟ್ಟಿಂಗು ನೋಡಿ ಕೂರ್ತಾರೆ."

ದೀಕ್ಷಿತಾ ಅತ್ತೆಯ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ಮನೆಗೆ ಬಂದ ಮೇಲಾದ್ರೂ ಹೇಳುವ ಅಂತ ಬಾಯಿ ತೆರೆದೆ," ಎಂದಳು ಪ್ರೇಮಾವತಿ. "ಅಷ್ಟರಲ್ಲಿ ನೀನು ಹೇಳಿಬಿಟ್ಟೆ. ಮುಖ್ಯ ಕೈ ಅಲ್ಲ, ಹೆದರುದು ಬೇಡ ಅಂತ. ಓದಿದವಳು ನೀನು. ನಿನ್ನ ಪುಸ್ತಕದಲ್ಲಿ ಮುಖ್ಯ ಅಲ್ಲ ಅಂತ ಇದ್ರೆ ನಾನು ಎಂತ ವಾದ ಮಾಡುದು?"

ದೀಕ್ಷಿತಾ ಅತ್ತಳು. ನಾಚಿಕೆಗೂ ಅತ್ತಳು, ದುಃಖಕ್ಕೂ ಅತ್ತಳು. ಯಾವ ಕೈಯವರು ಅಂತ ಡಾಕ್ಟರರು ಬರೆಯದಿದ್ದರೆ ಅವಳ ನಿಯಮದ ಪುಸ್ತಕದಲ್ಲಿ ಒಂದು ಸುಲಭದ ದಾರಿ ಉಂಟು: ಬಲಗೈ ಸೋತರೆ ಮುಖ್ಯ ಕೈ, ಎಡಗೈ ಸೋತರೆ ಮುಖ್ಯವಲ್ಲದ್ದು ಎಂದು ಹಿಡಿ. ಆ ದಾರಿಯಲ್ಲಿ ಅವಳು ನೂರಾರು ಎಡಗೈಗಳನ್ನು ದಾಟಿಸಿ ಕಳಿಸಿದ್ದಳು. ಅವರು ಕಾಣದ ದೇಶದವರು, ಕೇಳುವುದಕ್ಕೆ ಆಗುತ್ತಿರಲಿಲ್ಲ. ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದಳಲ್ಲ!

"ಏಳಿ ಅತ್ತೆ," ಎಂದು ಕಣ್ಣೊರೆಸಿಕೊಂಡಳು. "ನಾಳೆ ಪುತ್ತೂರಿಗೆ ಹೋಗುದು."

"ತೋರಿಸುವ ದಿನ ಮುಂದಿನ ವಾರ ಅಲ್ವಾ?"

"ಇನ್ನೊಂದು ವಾರ ಕಳೆಯುವ ಹಾಗಿಲ್ಲ. ನಾಳೆಯೇ."

ಬೆಳಗಿನ ಬಸ್ಸಿಗೆ ಇಬ್ಬರೇ ಹೋದರು. ಡಾಕ್ಟರು ಫೈಲು ನೋಡಿ, ಪ್ರೇಮಾವತಿಯ ಮುಂದೆ ಒಂದು ಪೆನ್ನು, ಒಂದು ಕತ್ತರಿ, ಒಂದು ಬೀಗ ಇಟ್ಟು ಒಂದೊಂದಾಗಿ ಕೇಳಿದರು. ಬರೆಯುವುದು ಬಲಗೈ. ಶಾಲೆಯಲ್ಲಿ ಮೇಸ್ಟ್ರು ಹೊಡೆದು ಕಲಿಸಿದ್ದು. ಉಣ್ಣುವುದು ಬಲಗೈ. ಕತ್ತರಿ, ಸೂಜಿ, ಚೂರಿ, ಪೊರಕೆ, ಬೀಗ ಎಲ್ಲ ಎಡಗೈ. ಡಾಕ್ಟರು ಫೈಲಿನಲ್ಲಿ ಹಳೆಯ ಸಾಲು ಹೊಡೆದು ಹಾಕಿ ಹೊಸದು ಬರೆದು ಸಹಿ ಮಾಡಿದರು.

"ಈಗ ನಿಮ್ಮ ಕೊನೆಯ ಅಂಕಿ ಎಷ್ಟಾಗ್ತದೆ?" ಎಂದು ದೀಕ್ಷಿತಾಳನ್ನು ಕೇಳಿದರು. ಅವಳ ನೌಕರಿ ಏನು ಅಂತ ಅವರಿಗೆ ಅಷ್ಟರಲ್ಲಿ ತಿಳಿದಿತ್ತು.

"ಎರಡು ಸಾರ್. ಮುಖ್ಯವಾದ ಎಡಗೈ."

"ಅಂಕಿ ಬದಲಾದ್ರೆ ಸಾಲದು. ಚಿಕಿತ್ಸೆಯೂ ಬದಲಾಗಬೇಕು. ಮೊದಲ ಮೂರು ತಿಂಗಳು ಮೆದುಳು ಬೇಗ ಕಲೀತದೆ. ಒಂದು ತಿಂಗಳು ಹೆಚ್ಚುಕಮ್ಮಿ ಹೋಯ್ತು."

ಮೇಲಿನ ಮಹಡಿಯ ಫಿಸಿಯೋಥೆರಪಿಯಲ್ಲಿ ಭವಿತಾ ಎನ್ನುವ ಚುರುಕಿನ ಹುಡುಗಿ ಇದ್ದಳು. ಸುಳ್ಯದವಳು, ಮಾತು ಪಟಪಟ. ಪ್ರೇಮಾವತಿಯ ಬೆರಳು ಬಿಡಿಸಿ, ಮಡಚಿ, ಮಣಿಕಟ್ಟು ಎತ್ತಿಸಿ ನೋಡಿದಳು.

"ಕೈ ಜೀವಂತ ಉಂಟು ಆಂಟಿ. ಸೋಮಾರಿ ಆಗಿದೆ. ನಿಮ್ಮ ಬಲಗೈಯೇ ಅದಕ್ಕೆ ಶತ್ರು. ಬಲಗೈ ಎಲ್ಲ ಮಾಡಿ ಕೊಟ್ರೆ ಇದು ಯಾಕೆ ಏಳ್ತದೆ? ಬಲಗೈಯನ್ನು ಚೀಲದೊಳಗೆ ಕಟ್ಟಿಬಿಡಿ. ಹಗಲಲ್ಲಿ ಆರು ಗಂಟೆ, ಮೂರು ವಾರ. ಎಲ್ಲ ಕೆಲಸ ಎಡಗೈಯಲ್ಲೇ."

"ಆಗ್ಲಿ," ಎಂದಳು ಪ್ರೇಮಾವತಿ.

"ಎಲ್ಲ ಅಂದ್ರೆ ಎಲ್ಲ. ಊಟ ಕೂಡ. ಹಸಿದಾಗ ಕೈ ಬೇಗ ಕಲೀತದೆ."

ದೀಕ್ಷಿತಾ ಅತ್ತೆಯ ಕಡೆ ನೋಡಿದಳು.

"ನನ್ನ ಮನೆಯಲ್ಲಿ ಅಜ್ಜಿ ಇದ್ದಾರೆ," ಎಂದಳು ಪ್ರೇಮಾವತಿ.

"ಎಲ್ಲರ ಮನೆಯಲ್ಲೂ ಇದ್ದಾರೆ ಆಂಟಿ. ನಿಮಗೆ ಕತ್ತರಿ ಹಿಡಿಯುವ ಕೈ ಬೇಕಾ, ಬೇಡ್ವಾ?"

ವಾಪಸಿನ ಬಸ್ಸು ಅರ್ಧ ದಾರಿಗೆ ಬಂದಾಗ ಪ್ರೇಮಾವತಿ ಒಮ್ಮೆಲೇ, "ಚೀಲ ನೀನೇ ಹೊಲಿ. ಬೀಫಾತುಮ್ಮನ ಬಟ್ಟೆ ಮುಟ್ಟಬೇಡ," ಅಂದಳು. ದೀಕ್ಷಿತಾಳಿಗೆ ಆ ತಿಂಗಳಲ್ಲಿ ಕೇಳಿದ ಅತಿ ಒಳ್ಳೆಯ ಮಾತು ಅದೇ ಅನಿಸಿತು.

ಮನೆಯಲ್ಲಿ ದುಗ್ಗಪ್ಪನಿಗೆ ಸಂಗತಿ ತಿಳಿದಾಗ ಅವನು ಬಹಳ ಹೊತ್ತು ಪೇಪರು ಮಡಚಿದ, ಬಿಡಿಸಿದ. "ಮೂವತ್ತೊಂದು ವರ್ಷ ನನ್ನತ್ರ ಹೇಳಲಿಲ್ಲ ನೀನು."

"ನಿಮ್ಮ ಕಣ್ಣಿಗೆ ಬೀಳಲಿ ಅಂತ ಕಾದೆ."

ಊಟದ ವಿಷಯ ಬಂದಾಗ ಮಾತ್ರ ದುಗ್ಗಪ್ಪ ಬೇಡವೆಂದು ತಲೆಯಾಡಿಸಿದ. "ಉಳಿದ ಕೆಲಸ ಎಲ್ಲ ಮಾಡು. ಊಟ ಒಂದು ಬಿಡು. ಅಮ್ಮ ಒಪ್ಪುದಿಲ್ಲ."

"ಕೈಗೆ ಅವರ ಒಪ್ಪಿಗೆ ಬೇಡ," ಎಂದಳು ಪ್ರೇಮಾವತಿ.

ಮೊದಲ ದಿನ ದೀಕ್ಷಿತಾ ಹೊಲಿದ ದಪ್ಪ ಚೀಲದೊಳಗೆ ಬಲಗೈ ಹೋಯಿತು. ಹೊಲಿಗೆ ಸೊಟ್ಟ. ಪ್ರೇಮಾವತಿ ಅದನ್ನು ನೋಡಿ, "ಇದನ್ನು ಕಟ್ಟಿಕೊಂಡು ಪೇಟೆಗೆ ಹೋದ್ರೆ ನನ್ನ ಅಂಗಡಿಯ ಹೆಸರು ಹೋಗ್ತದೆ," ಎಂದಳು. ಬೆಳಿಗ್ಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ತೆಗೆಯುವ ಕೆಲಸ. ಆಮೇಲೆ ಹುರುಳಿಯಿಂದ ಕಲ್ಲು ಹೆಕ್ಕುವುದು. ಹನ್ನೆರಡೂವರೆಗೆ ಊಟ. ಅಜ್ಜಿ ಎಂದಿನಂತೆ ಚಾವಡಿಯ ಮೂಲೆಯಲ್ಲಿ ಮಣೆ ಹಾಕಿ ಕೂತಳು. ಎದುರು ಪ್ರೇಮಾವತಿ. ಎಡಗೈ ಅನ್ನಕ್ಕೆ ಹೋಯಿತು. ಬೆರಳು ಕೂಡಿತು. ತುತ್ತು ಗದ್ದದವರೆಗೆ ಬಂದು ಸೀರೆಯ ಮೇಲೆ ಬಿತ್ತು.

ಅಜ್ಜಿ ಬಟ್ಟಲು ದೂಡಿ ಎದ್ದಳು. "ಈ ಕಣ್ಣಲ್ಲಿ ಇದನ್ನು ನೋಡಿಕೊಂಡು ನನಗೆ ಗಂಟಲಲ್ಲಿ ಇಳಿಯುದಿಲ್ಲ. ಅವಳು ಆ ಕೈಯಲ್ಲಿ ಉಣ್ಣುದು ಬಿಡುವವರೆಗೆ ನಾನು ಉಣ್ಣುದಿಲ್ಲ."

ಉಣ್ಣಲೂ ಇಲ್ಲ. ಮಧ್ಯಾಹ್ನ ಇಲ್ಲ, ಸಂಜೆ ಒಂದು ಲೋಟ ಮಜ್ಜಿಗೆ. ಮರುದಿನ ಬೆಳಿಗ್ಗೆ ಗಂಜಿಯನ್ನು ಮೂಸಿಯೂ ನೋಡಲಿಲ್ಲ. ದುಗ್ಗಪ್ಪ ಚಾವಡಿಗೂ ಅಡುಗೆಮನೆಗೂ ಅಲೆದ.

"ಎಂಬತ್ತನಾಲ್ಕು ವರ್ಷದ ಜೀವ ಉಪವಾಸ ಕೂತಿದೆ. ನಿನಗೆ ಕೈಯೇ ಹೆಚ್ಚಾಯ್ತಾ?"

"ಅವ್ವ ಕೋಣೆಯೊಳಗೆ ಕೂತು ಉಣ್ಲಿ," ಎಂದ ಮೋಕ್ಷಿತ್, ಇಬ್ಬರಿಗೂ ನೋಯದ ದಾರಿ ಹುಡುಕುತ್ತ. "ಅಜ್ಜಿ ನೋಡಿದ್ರೆ ತಾನೇ ಕಷ್ಟ."

ದೀಕ್ಷಿತಾಳಿಗೆ ತಡೆಯಲಿಲ್ಲ. "ಬಾಗಿಲು ಹಾಕಿ ಉಣ್ಣುದಾ? ಅತ್ತೆ ಎಂತ ಕದ್ದಿದ್ದಾರಾ? ಇಷ್ಟು ವರ್ಷ ಮುಚ್ಚಿ ಇಟ್ಟದ್ದಕ್ಕೇ ಆಸ್ಪತ್ರೆಯಲ್ಲಿ ತಪ್ಪು ಬರೆದದ್ದು. ನಾನೂ ತಪ್ಪು ಓದಿದೆ. ಇನ್ನೂ ಮುಚ್ಚಿದ್ರೆ ಕೈ ಹೋಗಿಯೇ ಹೋಗ್ತದೆ!"

"ನೀನು ಸುಮ್ಮನಿರು, ದೊಡ್ಡವರ ಮಾತಿನ ಮಧ್ಯೆ..." ಎಂದ ದುಗ್ಗಪ್ಪ.

"ಅವಳು ಯಾಕೆ ಸುಮ್ಮನಿರುದು?" ಪ್ರೇಮಾವತಿ ಬಾಗಿಲಲ್ಲಿ ನಿಂತಿದ್ದಳು. ಬಲಗೈ ಚೀಲದೊಳಗೆ, ಎಡಗೈ ಚೌಕಟ್ಟಿನ ಮೇಲೆ. "ಕೇಳಿ, ಮೂವರೂ ಕೇಳಿ. ಈ ಮನೆಯ ಮಾತು ಮೂವತ್ತೊಂದು ವರ್ಷ ನಾನು ಕೇಳಿದ್ದೇನೆ. ಮೂರು ವಾರ ನನ್ನ ಕೈಯ ಮಾತು ಕೇಳ್ತೇನೆ. ಅಂಗಡಿ ಕೋಣೆ ಬಿಡುದಿಲ್ಲ. ಈ ಚೀಲವೂ ಬಿಚ್ಚುದಿಲ್ಲ. ಅತ್ತೆಯ ಉಪವಾಸ ನಾನು ನೋಡ್ಕೊಳ್ತೇನೆ. ನೀವು ಯಾರೂ ಮಧ್ಯ ಬರಬೇಡಿ."

ಅಡುಗೆಮನೆಗೆ ಹೋಗಿ ಅವಳು ಕುಚ್ಚಲಕ್ಕಿ ಗಂಜಿಯ ಪಾತ್ರೆಯ ಮುಚ್ಚಳವನ್ನು ಎಡಗೈಯಲ್ಲಿ ತೆಗೆದಳು. ಎರಡು ಸಲ ಜಾರಿ ಮೂರನೆಯ ಸಲ ಬಂತು. "ದೀಕ್ಷಿತಾ, ಪಾತ್ರೆ ನೀನು ಹಿಡ್ಕೊ. ಸೌಟು ನನಗಿರಲಿ."

ಇಬ್ಬರೂ ಚಾವಡಿಗೆ ಬಂದರು. ಅಜ್ಜಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಪ್ರೇಮಾವತಿ ಅವಳ ಮುಂದೆ ಬಟ್ಟಲು ಇಡಿಸಿ ನೆಲಕ್ಕೆ ಕೂತಳು.

"ಅತ್ತೆ, ನಾನು ಗಂಜಿ ಬಡಿಸ್ತೇನೆ. ಈ ಕೈಯಲ್ಲಿ. ಬಟ್ಟಲು ದೂಡುದಾದ್ರೆ ದೂಡಿ, ನಾಳೆ ಪುನಃ ತರ್ತೇನೆ. ನಾಡಿದ್ದೂ ತರ್ತೇನೆ. ನಿಮ್ಮ ಕಾಲು ಮುರಿದಾಗ ಆರು ತಿಂಗಳು ನಿಮ್ಮನ್ನು ಮೀಯಿಸಿದವಳು ನಾನು. ಬಚ್ಚಲಲ್ಲಿ ನಿಮ್ಮನ್ನು ಬೀಳದ ಹಾಗೆ ಹಿಡಿದದ್ದು ಯಾವ ಕೈ ಅಂತ ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು."

ಅಜ್ಜಿ ತಿರುಗಲಿಲ್ಲ. ಆದರೆ ಅವಳ ಕುತ್ತಿಗೆ ಸ್ವಲ್ಪ ಕೆಳಗಾಯಿತು.

ಪ್ರೇಮಾವತಿ ಸೌಟು ಅದ್ದಿದಳು. ಬೆರಳುಗಳು ಹಿಡಿಯ ಸುತ್ತ ಒಂದೊಂದಾಗಿ ಬಿಗಿದವು. ಸೌಟು ಎದ್ದಿತು, ನಡುಗಿತು, ಬಟ್ಟಲಿನ ಹತ್ತಿರ ಬರುವಷ್ಟರಲ್ಲಿ ಅರ್ಧ ಗಂಜಿ ನೆಲಕ್ಕೆ ಚೆಲ್ಲಿತು. ದುಗ್ಗಪ್ಪ ಒಂದು ಹೆಜ್ಜೆ ಮುಂದಿಟ್ಟ. ದೀಕ್ಷಿತಾ ಕಣ್ಣಲ್ಲೇ ಅವನನ್ನು ನಿಲ್ಲಿಸಿದಳು.

ಪ್ರೇಮಾವತಿ ಇನ್ನೊಮ್ಮೆ ಅದ್ದಿದಳು. ಹಣೆಯಲ್ಲಿ ಬೆವರು. ಸೌಟು ಪುನಃ ವಾಲತೊಡಗಿತು.

ಅಜ್ಜಿ ಈಗ ತಿರುಗಿದ್ದಳು. ಆ ಕೈಯನ್ನೇ ನೋಡುತ್ತಿದ್ದಳು.

"ಮೊಣಕೈ ಎತ್ತು," ಎಂದಳು ಗದರಿಸಿ. "ಅಷ್ಟೂ ಗೊತ್ತಾಗುದಿಲ್ವಾ? ಚೆಲ್ತಾ ಉಂಟು."

ಪ್ರೇಮಾವತಿ ಮೊಣಕೈ ಎತ್ತಿದಳು. ಗಂಜಿ ಒಂದು ಹನಿ ಆಚೆ ಬೀಳದೆ ಬಟ್ಟಲಿಗೆ ಇಳಿಯಿತು.

ಅಜ್ಜಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದು ಗುಟುಕು ಕುಡಿದಳು.

"ಎಂತ ನೋಡ್ತಾ ಕೂತದ್ದು?" ಎಂದಳು ಪ್ರೇಮಾವತಿಗೆ. "ಇನ್ನೊಂದು ಸೌಟು ಹಾಕು. ನಿನ್ನೆಯಿಂದ ಹಸಿದಿದ್ದೇನೆ."